ಅಂಬೋಲಿ ಘಾಟಿನಲ್ಲಿ ತಮ್ಮನ ರಿಕ್ಷಾ

ನನ್ನ ತಮ್ಮ ಈ ಜನ್ಮದಲ್ಲಿ ದಾರಿ ತಪ್ಪಿದವನಲ್ಲ. ಬೇಕಾದರೆ ಅವನನ್ನೇ ಕೇಳಿ! ಅವನು ನೆಟ್ಟಗೇ ಹೋಗುತ್ತಾನಂತೆ. ಊರುಗಳೇ ಅವನಿಗೊಂದು ಮಾತು ಹೇಳದೆ ಜಾಗ ಬದಲಿಸಿಬಿಡುತ್ತವಂತೆ.

ಒಮ್ಮೆ ಜಮಖಂಡಿಯಿಂದ ನಮ್ಮ ಓಣಿಯ ಹೆಂಗಸರನ್ನು ರಿಕ್ಷಾದಲ್ಲಿ ತುಂಬಿಕೊಂಡು ಮುಧೋಳದ ಮದುವೆಗೆ ಹೊರಟ. ಮುಟ್ಟಿದ್ದು ಬೀಳಗಿ. ಅಲ್ಲಿಯೂ ಒಂದು ಮದುವೆ ನಡೆದಿತ್ತು. ಹೊಟ್ಟೆ ಹಸಿದಿತ್ತು, ಹಂದರ ಕಂಡಿತು, ಇವರು ಇಳಿದು ಅಕ್ಷತೆ ಹಾಕಿ, ತಂದ ಸ್ಟೀಲಿನ ಕೊಡವನ್ನೂ ಕೊಟ್ಟು ಊಟಕ್ಕೆ ಕುಳಿತರು. ಹೋಳಿಗೆ ಬಡಿಸುವಾಗ ಒಬ್ಬಳಿಗೆ ಸಂಶಯ ಬಂತು. "ಅಲ್ಲಬೇ, ಮದುಮಗಾ ಕುಳ್ಳ ಇದ್ದಾ, ಉದ್ದ ಹೆಂಗ ಆದಾ?" ಅಷ್ಟು ಹೊತ್ತಿಗೆ ಕೊಡ ಒಳಗೆ ಹೋಗಿತ್ತು, ವಾಪಸು ಕೇಳುವ ಹಾಗಿಲ್ಲ. ಹೊರಗೆ ಬಂದು ಎಲ್ಲರೂ ಸೇರಿ ತಮ್ಮನನ್ನು ಝಾಡಿಸಿದರೆ ಅವನು ನಗುತ್ತ ಏನೆಂದ ಗೊತ್ತೇ? "ಹೌದು ಬಿಡ್ರಿ, ಹೋಳಿಗಿ ಭಾಳ ಛಲೋ ಇದ್ದೂ!"

ಇಂಥವನಿಗೆ ಏನು ಹೇಳುವುದು? ನೀವು ಒಂದು ಕೇಳಿದರೆ ಅವನು ಇನ್ನೊಂದು ಹೇಳುತ್ತಾನೆ. ಇಲ್ಲವೇ ನಿಮಗೆ ಬಾಯಿ ತೆರೆಯಲು ಬಿಡದೆ ತಾನೇ ಮಾತಾಡುತ್ತಾನೆ. ದಾರಿ ಮಾತ್ರ ಯಾರನ್ನೂ ಕೇಳುವುದಿಲ್ಲ. ಸಾಲದ್ದಕ್ಕೆ ರಿಕ್ಷಾದ ಒಳಗೆ ಕ್ಷೌರದಂಗಡಿಯ ದೊಡ್ಡ ಕನ್ನಡಿಯೊಂದನ್ನು ತೂಗುಹಾಕಿಕೊಂಡಿದ್ದ. ಅದರಲ್ಲಿ ಹಿಂದೆ ಕುಳಿತವರ ಮುಖವನ್ನು ನೋಡಿದ್ದೇ ನೋಡಿದ್ದು! "ನಿಮ್ಮ ತಮ್ಮಗ ಹೇಳ್ರಿ, ಹೆಂಗಸರ ಬಾಯಿ ನೋಡಕೋತ ಗಾಡಿ ಹೊಡೀತಾನ" ಎಂದು ನನ್ನ ತನಕ ದೂರು ಬಂದಿತ್ತು. ಐವತ್ತು ದಾಟಿದ ಗಂಡಸಿಗೆ ಇದೇನು ಚಟವೋ ಎಂದು ನನಗೂ ನಾಚಿಕೆಯಾಗಿತ್ತು.

ಹುಟ್ಟಿನಿಂದ ಡ್ರೈವರನೇನಲ್ಲ ಅವನು. ಬನಹಟ್ಟಿಯಲ್ಲಿ ಹುಡುಗನಾಗಿದ್ದಾಗಿನಿಂದ ವಿದ್ಯುತ್ ಮಗ್ಗ ನಡೆಸಿದವನು. ಒಂದು ದಿನ ಇದ್ದಕ್ಕಿದ್ದಂತೆ ಮಗ್ಗ ಬಿಟ್ಟ, ಯಾರದೋ ಹಳೆಯ ರಿಕ್ಷಾ ತಂದು ಮನೆಯ ಮುಂದೆ ನಿಲ್ಲಿಸಿದ. ಯಾಕೆ ಬಿಟ್ಟೆ ಎಂದರೆ ರಿಕ್ಷಾದ ಗಾಜು ಒರೆಸತೊಡಗಿದ. ಹೆಂಡತಿ ಎರಡೂ ಕೈ ಬೀಸಿ ಬೀಸಿ ಜಗಳಾಡಿದಳು. ಆ ಊರಲ್ಲಿ ಜಗಳಕ್ಕೆ ಬಾಯಿಗಿಂತ ಕೈ ಹೆಚ್ಚು ಬೇಕು. ಹಗಲೆಲ್ಲ ಮಗ್ಗದ ಖಟಾಖಟ್ ನಡುವೆ ಇರುವವರು, ಮನೆಗೆ ಬಂದರೂ ಕೈಯಲ್ಲೇ ಮಾತು.

ಕಡೆಗೆ ಒಂದು ಕರಾರಾಯಿತು. ನನ್ನ ರಿಕ್ಷಾ ಎಂಥ ಘಾಟನ್ನಾದರೂ ಹತ್ತುತ್ತದೆ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದನಲ್ಲ, ಅವನ ಹೆಂಡತಿ ಅದನ್ನೇ ಹಿಡಿದಳು. "ಘಾಟ ಇಳದು ಅಕ್ಕಾರಿಗೆ ಸಮುದ್ರ ತೋರಿಸಿ, ಕೈಕಾಲು ಮುರೀದಂಗ ತಿರುಗಿ ತಂದು ಬಿಡ್ರಿ. ಅಕ್ಕಾರು ಹೂಂ ಅಂದ್ರ ರಿಕ್ಷಾ ಇರಲಿ. ಊಹೂಂ ಅಂದ್ರ ಮಾರಿ ಮಗ್ಗಕ್ಕ ಕುಂದರ್ರಿ." ಅಕ್ಕ ಎಂದರೆ ನಾನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಜಡ್ಜ್ ಆಗಿಬಿಟ್ಟೆ!

ಸಮುದ್ರ ನೋಡಿದೆ. ನೀರು. ನಮ್ಮ ಕೃಷ್ಣೆಯಲ್ಲಿಯೂ ಇದೆ, ಅದನ್ನು ಕುಡಿಯಲಾದರೂ ಬರುತ್ತದೆ. ಆ ಮಾತು ಬಿಡಿ. ನಾನು ಹೇಳಹೊರಟದ್ದು ತಿರುಗಿ ಬಂದ ಕೊನೆಯ ದಿನದ ಕಥೆ.

ಬೆಳಗಾಗುತ್ತಲೇ ಸಾವಂತವಾಡಿ ಬಿಟ್ಟೆವು. ಮಳೆಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಅಂಬೋಲಿ ಘಾಟು ಶುರುವಾಗುತ್ತಲೇ ರಿಕ್ಷಾ ಎಮ್ಮೆಯ ಹಾಗೆ ಮುಲುಕತೊಡಗಿತು.

"ಯಕ್ಕಾ, ಸ್ವಲ್ಪ ಇಳೀತಿಯೇನು? ಹಗರ ಆಗತೈತಿ."

ಇಳಿದೆ. ಅವನು ಹೋಗಿ ಮುಂದಿನ ತಿರುವಿನಲ್ಲಿ ನಿಂತ. ನಾನು ಏದುಸಿರು ಬಿಡುತ್ತ ಮುಟ್ಟಿ, ಕುಳಿತು, ಸೆರಗಿನಿಂದ ಗಾಳಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ "ಯಕ್ಕಾ, ಸ್ವಲ್ಪ..." ಹೀಗೆ ಘಾಟು ಹತ್ತಿದವಳು ನಾನು, ಹೆಸರು ಬಂದದ್ದು ರಿಕ್ಷಾಕ್ಕೆ! ಒಂದು ಕಲ್ಲುಕಟ್ಟೆಯ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದರೆ ಕೋತಿಯೊಂದು ಬಂದು ರೊಟ್ಟಿಯನ್ನು ಬಿಟ್ಟು ಶೇಂಗಾ ಚಟ್ನಿಯನ್ನಷ್ಟೇ ಎತ್ತಿಕೊಂಡು ಹೋಯಿತು. ಮುಂದೆ ಬಹಳ ಹೊತ್ತು ಕಾಡಿನಿಂದ ಅದು ಕೂಗುವುದು ಕೇಳುತ್ತಿತ್ತು. ಖಾರ ನಮ್ಮದು!

ಮೇಲೆ ಮುಟ್ಟಿದರೆ ಊರೇ ಇಲ್ಲ. ಎಲ್ಲ ಕಡೆ ಮಂಜು. ಹತ್ತಿ ಪಿಂಜಿ ಹಾಕಿದಂತೆ ಬೆಳ್ಳಗೆ. ಆ ಬೆಳ್ಳಗಿನ ಒಳಗಿಂದ ಒಂದು ಚಹದಂಗಡಿ ಕಂಡಿತು. ನನಗೆ ಬರುವ ಮರಾಠಿಯಲ್ಲಿ ಆಜರಾದ ಹಾದಿ ಯಾವುದೆಂದು ಅಂಗಡಿಯವನನ್ನು ಕೇಳಿದೆ. ಮುಂದೆ ಕವಲು ಬರುತ್ತದೆ, ಎಡಕ್ಕೆ ಹೋಗಿ ಎಂದ. ಕವಲು ಬಂತು. "ಎಡಕ್ಕ ಹೊಳ್ಳಸಲೇ!" ಎಂದೆ. ತಮ್ಮ ಬಲಕ್ಕೆ ಹೊರಳಿಸಿದ. ಸ್ವಲ್ಪ ದೂರದಲ್ಲಿ ರಸ್ತೆಯೇ ಮುಗಿದು ಕಬ್ಬಿಣದ ಕಟಕಟೆ ಬಂತು. ಅದರಾಚೆ ಏನಿತ್ತೋ, ಧೋ ಎಂದು ನೀರು ಬೀಳುವ ಸದ್ದು. ಇನ್ನೊಂದು ಮಾರು ಹೋಗಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

ತಿರುಗಿ ಬಂದೆವು. ಮಂಜಿನಿಂದ ಅದೇ ಚಹದಂಗಡಿ ಎದ್ದು ಬಂತು. ಮತ್ತೆ ಹೊರಟೆವು. ಈ ಸಲ ರಿಕ್ಷಾ ಬಹಳ ಹಗುರಾಗಿ ಓಡಿತು. ಇದೇನಪ್ಪ ಇಷ್ಟು ಸುಖ ಎಂದುಕೊಳ್ಳುವಷ್ಟರಲ್ಲಿ ಎಡಕ್ಕೆ ಒಂದು ಕಲ್ಲುಕಟ್ಟೆ ಕಂಡಿತು. ಕಟ್ಟೆಯ ಮೇಲೆ ನನ್ನ ರೊಟ್ಟಿಯ ಚೂರು ಬಿದ್ದಿತ್ತು! ಕಾಲು ಸವೆಸಿ ಹತ್ತಿದ ಘಾಟನ್ನು ಇವನು ಮತ್ತೆ ಇಳಿಯುತ್ತಿದ್ದ!

"ನಿನ ಬಾಯಾಗ ಮಣ್ಣ ಹಾಕ! ನಿಂದರಸಲೇ!"

ನಿಲ್ಲಿಸಲಿಲ್ಲ. ಅವನು ತನ್ನ ಪಾಡಿಗೆ ತಾನು ರಿಕ್ಷಾ ಕೊಂಡ ಕಥೆ ಹೇಳುತ್ತಿದ್ದ. ಹೆಗಲು ಹಿಡಿದು ಜಗ್ಗಿದ ಮೇಲೆ ನಿಂತ. ನನಗೆ ಒಂದೂ ತಿಳಿಯಲಿಲ್ಲ. ಹಟವೋ, ಕೊಬ್ಬೋ, ತಲೆ ಕೆಟ್ಟಿದೆಯೋ? ಅದಕ್ಕಿಂತ ವಿಚಿತ್ರವೆಂದರೆ, ಮಂಜಿನಿಂದ ಮುಂದಿನ ಗಾಜು ಪೂರ್ತಿ ಬೆವೆತು ಏನೂ ಕಾಣದಿದ್ದರೂ ಅವನು ಆ ಗಾಜನ್ನು ಬಿಟ್ಟು ಮೇಲಿನ ಕನ್ನಡಿಯನ್ನೇ ಟವೆಲಿನಿಂದ ಒರೆಸುತ್ತಿದ್ದ!

ಮೂರನೆಯ ಸಲ ನಮ್ಮನ್ನು ಕಂಡ ಕೂಡಲೇ ಚಹದವನು ಎರಡು ಕಪ್ ತೊಳೆದಿಟ್ಟ.

ಚಹ ಕುಡಿದು ಹೊರಟು ಬಹಳ ಹೊತ್ತಾಗಿರಲಿಲ್ಲ, ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯತೊಡಗಿತು. ಅಂಥಿಂಥ ಹಾರ್ನಲ್ಲ, ನನ್ನ ಹಲ್ಲುಗಳು ಅದುರಿದವು. ತಮ್ಮ ನಡುರಸ್ತೆ ಬಿಡಲಿಲ್ಲ. ನಾನು ಬೆನ್ನಿಗೆ ಗುದ್ದಿದೆ. ಗುದ್ದಿಗೆ ಬೆಚ್ಚಿ ಪಕ್ಕಕ್ಕೆಳೆದು ಎಂಜಿನ್ ಆರಿಸಿದ. ಬಸ್ಸಿನ ಡ್ರೈವರ್ ಇಳಿದು ಬಂದು ಮರಾಠಿಯಲ್ಲಿ ಬೈದ ಬೈಗುಳಗಳು ನಾನು ಇಲ್ಲಿ ಬರೆಯುವಂಥವಲ್ಲ. ಮರಾಠಿ ನನ್ನ ತಮ್ಮನಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವನೋ, ಡ್ರೈವರನ ಬಾಯಿಯನ್ನೇ ನೋಡುತ್ತ ನಿಂತ. ಆ ಮನುಷ್ಯನಿಗೆ ತುಟಿ ಮುಚ್ಚುವಷ್ಟು ಮೀಸೆ. ತಮ್ಮ ಆ ಮೀಸೆಯಲ್ಲಿ ಏನೋ ಕಳೆದುಕೊಂಡವನ ಹಾಗೆ ಹುಡುಕಿ ಹುಡುಕಿ, ಕಡೆಗೆ ನಕ್ಕು "ಹೌದ್ರಿ, ಭಾಳ ಛಲೋ" ಎಂದ.

ಆಗ ನನ್ನ ತಲೆಯಲ್ಲಿ ಏನೋ ಸರಕ್ಕೆಂದಿತು.

ಬಸ್ಸು ಹೋಗಲು ಬಿಟ್ಟು ಅವನ ಬೆನ್ನ ಹಿಂದೆ ನಿಂತೆ. ಸಾದಾ ದನಿಯಲ್ಲಿ ಹೇಳಿದೆ: "ನಿನ್ನ ರಿಕ್ಷಾ ಒಂದು ಹಡಬಿ ಎಮ್ಮಿ. ಗುಜರಿಯವ್ರೂ ತಗೊಳ್ಳಂಗಿಲ್ಲ." ರಿಕ್ಷಾಕ್ಕೆ ಒಂದು ಮಾತಂದರೆ ಹೊಡೆದಾಟಕ್ಕೇ ನಿಲ್ಲುವವನು. ಅವನು ಹಿಂತಿರುಗಲಿಲ್ಲ. ಟವೆಲಿನಿಂದ ಕನ್ನಡಿ ಒರೆಸುತ್ತಿದ್ದ.

ಮುಂದೆ ಹೋಗಿ ಮುಖಕ್ಕೆ ಮುಖ ಕೊಟ್ಟು ಕೇಳಿದೆ. "ಯಾವಾಗಿಂದೋ?"

ನನ್ನ ಬಾಯಿ ನೋಡಿದ. ನೋಡಿ, ಕಣ್ಣು ಕೆಳಗೆ ಹಾಕಿದ. "ಬಲಗಿವಿ ಯಾವತ್ತೋ ಹೋತು. ಎಡಗಿವ್ಯಾಗೂ ಈಗ ಎಲ್ಲಾರೂ ಬಾಯಾಗ ಬಟ್ಟಿ ತುರುಕಿ ಮಾತಾಡಿದಂಗ ಕೇಳತೈತಿ. ಮಗ್ಗ ಬಿಡು, ಉಳಿದಷ್ಟರ ಉಳಿಸ್ಕೋ ಅಂದಾ ಡಾಕ್ಟರ."

"ಮನ್ಯಾಗ ಹೇಳೀಯೇನು?"

"ಕಿವುಡಗ ರಿಕ್ಷಾ ಹೊಡ್ಯಾಕ ಬಿಡ್ತಾರೇನ ಯಕ್ಕಾ? ನೀನೂ ಹೇಳಬ್ಯಾಡ. ಹೇಳಿದ್ರ ಮತ್ತ ಮಗ್ಗಾನ ನನಗ."

ಅಳು ಗಿಳು ನನಗೆ ಬರುವುದಿಲ್ಲ. ಸಿಟ್ಟು ಬರುತ್ತದೆ. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಕತ್ತಲಾಗುವ ಮುಂಚೆ ಊರು ಮುಟ್ಟುವುದು. ಗಂಟಿನಿಂದ ಹಳೆಯ ಸೀರೆಯೊಂದನ್ನು ತೆಗೆದು ಉದ್ದಕ್ಕೆ ಸೀಳಿದೆ. ಒಂದು ಪಟ್ಟಿಯನ್ನು ಅವನ ಎಡರಟ್ಟೆಗೆ, ಇನ್ನೊಂದನ್ನು ಬಲರಟ್ಟೆಗೆ ಕಟ್ಟಿ, ಎರಡೂ ತುದಿಗಳನ್ನು ಹಿಡಿದು ಹಿಂದೆ ಕುಳಿತೆ. ಎಡಕ್ಕೆ ಹೋಗಬೇಕಾದರೆ ಎಡದ್ದು ಜಗ್ಗುವುದು, ಬಲಕ್ಕಾದರೆ ಬಲದ್ದು. ಎರಡೂ ಜಗ್ಗಿದರೆ ನಿಲ್ಲುವುದು. ಎತ್ತಿನ ಬಂಡಿ ಹೊಡೆದು ಗೊತ್ತಿದ್ದ ನನಗೆ ಇದೇನು ದೊಡ್ಡದು! ಹಿಂದೆ ಗಾಡಿ ಬಂದರೆ ಒಂದು ಗುದ್ದು. ಅದಕ್ಕೆ ಹಗ್ಗ ಬೇಡ.

ಕವಲು ಬಂತು. ಎಡಕ್ಕೆ ಜಗ್ಗಿದೆ. ಎಡಕ್ಕೇ ಹೋದ! ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಮಾತು ಕೇಳಿದ.

ಆಜರಾ ಬಂತು, ಸಂಕೇಶ್ವರ ಬಂತು, ಯಾವ ಊರೂ ಜಾಗ ಬದಲಿಸಿರಲಿಲ್ಲ. ಮಹಾಲಿಂಗಪುರದ ಪೇಟೆಯಲ್ಲಿ ಮಂದಿ ಗುಂಪುಗೂಡಿ ನೋಡಿದರು. "ಏನಬೇ ಮುದುಕಿ, ಎಷ್ಟ ಹಲ್ಲಿನ ಹೋರಿ?" ಎಂದು ದನದ ಸಂತೆಯಲ್ಲಿ ಕೇಳುವಂತೆ ಒಬ್ಬ ಕೂಗಿದ. "ನಿನಗಿಂತ ಎರಡ ಹೆಚ್ಚಿಗಿ ಅದಾವು, ಬಂದು ಎಣಸು" ಎಂದೆ. ಬನಹಟ್ಟಿ ಹತ್ತಿರವಾದಂತೆ ತಮ್ಮ ಗಾಡಿ ನಿಲ್ಲಿಸಿ ಕತ್ತು ತಿರುಗಿಸಿದ. "ಯಕ್ಕಾ, ಇನ್ನ ಬಿಚ್ಚ. ನಮ್ಮ ಮಂದಿ ನೋಡ್ತಾರ." ಬಿಚ್ಚಿದೆ. ಸೀರೆಯ ಪಟ್ಟಿಗಳನ್ನು ಮಡಿಚಿ ಗಂಟಿಗೆ ಹಾಕಿದೆ. ಆಮೇಲೆ ಮನೆ ಬರುವತನಕ ಅವನು ಕನ್ನಡಿಯ ಕಡೆ ಕಣ್ಣೆತ್ತಲಿಲ್ಲ.

ಮನೆಯ ಮುಂದೆ ಇಳಿದವನೇ ಸೀದಾ ಹೋಗಿ ಕಾಲು ತೊಳೆಯುವ ಕಲ್ಲಿನ ಮೇಲೆ ನಿಂತ, ಬೆನ್ನು ನಮ್ಮ ಕಡೆ. ಹೆಂಡತಿ ಬಾಗಿಲಿಗೆ ಬಂದಳು.

"ಹೇಳ್ರಿ ಅಕ್ಕಾರ. ಇರಲ್ಯೋ, ಮಾರೂದೋ?"

ಮುಚ್ಚಿಡುವುದು ನನಗೆ ಬರುವುದಿಲ್ಲ. "ನಿನ್ನ ಗಂಡಗ ಕಿವಿ ಕೇಳಂಗಿಲ್ಲ. ಗೊತ್ತೈತೇನು?"

"ಮಗ್ಗಲದಾಗ ಮಲಗಾಕಿಗೆ ಗೊತ್ತಿರಂಗಿಲ್ಲೇನ್ರಿ? ಅವರು ಮುಚ್ಚಿಡತಾರ, ನಾನೂ ಗೊತ್ತಿಲ್ಲದಾಕಿ ಹಂಗ ಅದೀನಿ. ಹಿಂದ ಲಾರಿ ಬಂದ್ರ ಇವರಿಗೆ ಹೆಂಗ ತಿಳೀಬೇಕ್ರಿ? ಅದಕ್ಕ ಮಾರ್ರಿ ಅಂತ ಗಂಟಬಿದ್ದೆ. ನೀವು ಊಹೂಂ ಅಂತೀರಿ ಅಂತನ ನಿಮ್ಮ ಮ್ಯಾಲ ಹಾಕಿದೆ."

"ಮಗ್ಗಕ್ಕ ಕುಂತ್ರ ಉಳಿದದ್ದೂ ಹೋಗತೈತಿ ಅಂತ ಡಾಕ್ಟರ ಹೇಳ್ಯಾನಂತ. ಅದು ಗೊತ್ತೈತೇನು?"

ಅದು ಗೊತ್ತಿರಲಿಲ್ಲ. ಅವಳು ಹೊಸ್ತಿಲ ಮೇಲೆ ಕುಕ್ಕರಿಸಿದಳು. ಅಕ್ಕಪಕ್ಕದ ಮನೆಗಳ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು.

"ರಿಕ್ಷಾ ಇರಲಿ" ಎಂದೆ. "ಮಂದೀನ ಹೇರೂದು ಬ್ಯಾಡ, ದೂರ ಹೋಗೂದೂ ಬ್ಯಾಡ. ಇಲ್ಲೇ ಬಾಜೂಕ ಇರೋ ರಬಕವಿಗೆ ನೂಲಿನ ಮೂಟಿ ಒಯ್ಯಲಿ, ಸೀರಿ ಗಂಟು ತರಲಿ. ಗಂಟು ಎಡಕ್ಕ ಬಲಕ್ಕ ಅಂತ ಒದರಂಗಿಲ್ಲ. ಆ ಕನ್ನಡಿ ಒಳಗಿಂದ ತಗದು ಹೊರಗ ಎರಡೂ ಬಾಜೂಕ ದೊಡ್ಡು ಹಾಕಸು, ಹಿಂದ ಬರೂವು ಕಾಣಲಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ತಲೆಯಾಡಿಸಿದಳು. ತಮ್ಮ ಇನ್ನೂ ಕಾಲು ತೊಳೆಯುತ್ತಲೇ ಇದ್ದ. ಅಷ್ಟು ಹೊತ್ತು ತೊಳೆಯುವಷ್ಟು ಕಾಲು ಯಾರಿಗೂ ಇರುವುದಿಲ್ಲ. ತೀರ್ಪು ನಡೆದಿದೆ ಎಂದು ಅವನಿಗೆ ಗೊತ್ತಿತ್ತು, ತಿರುಗಿ ನೋಡುವ ಧೈರ್ಯವಿರಲಿಲ್ಲ.

ನಾನೇ ಸುತ್ತು ಹಾಕಿ ಅವನ ಎದುರಿಗೆ ನಿಂತೆ. ಹೇಗೂ ಕೇಳಿಸುವುದಿಲ್ಲವೆಂದು ದನಿ ತೆಗೆಯಲಿಲ್ಲ. ತುಟಿಗಳನ್ನಷ್ಟೇ ಅಗಲವಾಗಿ ಆಡಿಸುತ್ತ ಇದ್ದದ್ದೆಲ್ಲವನ್ನೂ ಹೇಳಿದೆ. ರಿಕ್ಷಾ ಇರುತ್ತದೆ, ಮಗ್ಗವಿಲ್ಲ, ನಿನ್ನ ಹೆಂಡತಿಗೆ ಎಲ್ಲ ಗೊತ್ತು. ಅವನು ಕಣ್ಣು ಮಿಟುಕಿಸದೆ ಕೊನೆಯತನಕ ನನ್ನ ಬಾಯಿ ನೋಡಿದ. ಕುಣಿದಾಡುತ್ತಾನೆಂದುಕೊಂಡಿದ್ದೆ. ಕುಣಿಯಲಿಲ್ಲ.

"ತಿಳೀತು" ಎಂದ. "ಆದ್ರ ಯಕ್ಕಾ, ನೀ ಹಿಂಗ ಬರೇ ತುಟಿ ಆಡಸಬ್ಯಾಡ. ಎಲ್ಲಾರೂ ನನಗ ಬರೇ ತುಟಿ ಆಗ್ಯಾರ. ಗಾಡಿ ಬಂದ್ ಮಾಡಿದಾಗ ನೀ ಬಾಯಿ ಮಾಡಿ ಬೈದ್ರ, ಅದೊಂದು ಇನ್ನೂ ಕಿವಿಗೆ ಮುಟ್ಟತೈತಿ. ಅದಕ್ಕ ನಿನ್ನ ಕರಕೊಂಡ ಹೋಗಂದಾಗ ಹೂಂ ಅಂದಿದ್ದೆ. ಜೋರ ಹೇಳ."

ಜೋರಾಗಿ ಹೇಳುವುದೇನಿತ್ತು? ಹೇಳಬೇಕಾದ್ದೆಲ್ಲ ಮುಗಿದಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಬೈಯತೊಡಗಿದೆ. ಅವನ ಹುಟ್ಟಿನಿಂದ ಹಿಡಿದು, ಅವನ ಹಟ, ಅವನ ನಗೆ, ಅವನ ಮುಚ್ಚುಮರೆ, ಒಂದನ್ನೂ ಬಿಡಲಿಲ್ಲ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಪಕ್ಕದ ಮನೆಯವರು ಏನಾಯಿತೋ ಎಂದು ಮಗ್ಗ ನಿಲ್ಲಿಸಿದರು.

ತಮ್ಮ ಒದ್ದೆಕಾಲಿನಲ್ಲಿ ಆ ಕಲ್ಲಿನ ಮೇಲೆಯೇ ನಿಂತು, ಕಣ್ಣು ಮುಚ್ಚಿಕೊಂಡು ಕೇಳಿದ.