ಮೀಟರಿನ ಮುಂದೆ ಕೂತವನು

“ಇವನು ಬಾಡಿಗೆದಾರ ಅಲ್ಲ ಕಣ್ರೀ, ಕರೆಂಟ್ ವೈರ್‌ಗೆ ಕಚ್ಚಿಕೊಂಡಿರೋ ಜಿಗಣೆ,” ಎಂದು ಮನೆಯ ಓನರ್ ಮೆಟ್ಟಿಲ ಮೇಲೆ ನಿಂತು ಹೇಳಿದರು. ಬೀದಿಯವರೆಲ್ಲ ಕೇಳಲಿ ಅಂತಲೇ ಹೇಳಿದ್ದು. ಓನರ್ ಮನೆ, ಪಕ್ಕದ ಟೀಚರಮ್ಮನ ಮನೆ, ಮಹಡಿ ಮೇಲಿನ ರೂಮು, ಮೂರಕ್ಕೂ ಒಂದೇ ಮೀಟರು. ಈ ತಿಂಗಳು ಕರೆಂಟು ಒಂದೂವರೆ ಪಟ್ಟು ಓಡಿತ್ತು. ರೂಮಿನ ಮಿಕ್ಸಿ ರಿಪೇರಿಯವನೇ ಕಾರಣ ಎಂದು ಮೀಟರು ನೋಡುವ ಮುಂಚೆಯೇ ಪತ್ತೆಯಾಗಿತ್ತು. ಸಂಜೆಗೆ ರೂಮು ಖಾಲಿ ಮಾಡಬೇಕು.

“ಸಂಜೆವರೆಗೆ ಟೈಮಿದೆಯಲ್ಲ ಸಾರ್. ಯಾರು ಎಷ್ಟು ಎಳೀತಾರೆ ಅಂತ ಮೀಟರಲ್ಲೇ ತೋರಿಸ್ತೀನಿ. ತಪ್ಪು ನಂದಾದ್ರೆ ನಾನೇ ಹೋಗ್ತೀನಿ,” ಎಂದ ಅವನು.

ಮೆಟ್ಟಿಲ ಕೆಳಗೆ ಸ್ಟೂಲು ಹಾಕಿಕೊಂಡು ಕೂತ. ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿಟುಕುತ್ತದೋ ನೋಟ್‌ಬುಕ್ಕಿನಲ್ಲಿ ಬರೆಯುವುದು. ಜಾಸ್ತಿ ಮಿಟುಕಿದರೆ ಜಾಸ್ತಿ ಕರೆಂಟು. “ದಿನಾ ಹೇಗಿರ್ತೀರೋ ಹಾಗೇ ಇರಿ,” ಎಂದು ಎಲ್ಲರಿಗೂ ಹೇಳಿದ.

ಹಾಗೇ ಇರುವುದಕ್ಕೆ ಅವರೇನು ದಡ್ಡರೇ? ಎಸಿಯಲ್ಲೇ ಹುಟ್ಟಿದಂತಿದ್ದ ಓನರ್ ಬನಿಯನ್ನಿನಲ್ಲಿ ಹೊರಗೆ ಬಂದು, ಬೆವರು ಒರೆಸಿಕೊಳ್ಳುತ್ತ, “ಹೊರಗಿನ ಗಾಳಿನೇ ಆರೋಗ್ಯ,” ಎಂದರು. ಟೀಚರಮ್ಮ ತಣ್ಣೀರು ಸ್ನಾನ ಮಾಡಿ ಕಟಕಟ ಹಲ್ಲು ಕಡಿಯುತ್ತ, “ನಂಗೆ ಬಿಸಿನೀರು ಆಗ್ಬರಲ್ಲಪ್ಪ,” ಎಂದರು. ಓನರಮ್ಮ ಬಟ್ಟೆಯನ್ನು ಕೈಯಲ್ಲೇ ಕುಕ್ಕಿದರು. ವಾಷಿಂಗ್ ಮೆಷಿನ್ನಿಗೆ ಬೆಡ್‌ಶೀಟು ಹೊದಿಸಿದ್ದರು, ಜ್ವರ ಬಂದ ಅತ್ತೆಗೆ ಹೊದಿಸಿದ ಹಾಗೆ.

ಕೆಂಪು ದೀಪ ನಿಮಿಷಕ್ಕೆ ಆರು ಸಲ. ಸಾಯುವ ಮುದುಕ ಆಗಾಗ ಕಣ್ಣು ಬಿಟ್ಟಂತೆ.

“ಊಟ ಮಾಡ್ಕೊಂಡು ಬಾರಪ್ಪ, ಅಲ್ಲೀವರೆಗೆ ನಾನು ಎಣಿಸ್ತೀನಿ,” ಎಂದರು ಓನರ್, ಎಂದೂ ಇಲ್ಲದ ಪ್ರೀತಿಯಿಂದ. ಅವನು ರೂಮಿಗೆ ಹೋಗಿ, ಫ್ಯಾನೂ ಹಾಕದೆ ಒಣ ಬ್ರೆಡ್ಡು ನುಂಗಿದ. ಬೆನ್ನು ತಿರುಗಿಸಿದ್ದೇ ತಡ, ಬೆಳಗಿನಿಂದ ಉಸಿರು ಕಟ್ಟಿಕೊಂಡಿದ್ದ ಎಸಿ, ಗೀಸರು, ವಾಷಿಂಗ್ ಮೆಷಿನ್ ಎಲ್ಲ ಒಟ್ಟಿಗೇ ಶುರುವಾದವು. ಓನರ್ ಮನಸಿಟ್ಟು ಎಣಿಸಿದರು, ದುಂಡಗೆ ಬರೆದರು.

ಸಂಜೆ ಮೆಟ್ಟಿಲ ಬಳಿ ಪಂಚಾಯಿತಿ. “ನಿನ್ನ ಪುಸ್ತಕಾನೇ ಓದ್ತೀನಿ ಕೇಳು,” ಎಂದರು ಓನರ್. “ ನೀನು ಇಲ್ಲಿ ಕೂತಾಗ ಆರು. ರೂಮಿಗೆ ಹೋದಾಗ ನೂರಾ ನಲವತ್ತು. ಮೇಲೆ ಅದೇನು ಕಾರ್ಖಾನೆ ನಡೆಸ್ತೀಯೋ?”

“ಪಾಪ, ಹುಡುಗ ಪ್ರಾಮಾಣಿಕ,” ಎಂದರು ಟೀಚರಮ್ಮ. “ತನ್ನ ಕಳ್ಳತನ ತಾನೇ ಹಿಡ್ಕೊಟ್ಟ.”

ಅವನು ಮೇಲೆ ಹೋಗಿ ಹಾಸಿಗೆ ಸುತ್ತಿ, ಸ್ಪ್ಯಾನರಿನ ಚೀಲ ಹೆಗಲಿಗೇರಿಸಿ ಇಳಿದ. ಅಷ್ಟರಲ್ಲಿ ಕಾವಲು ತಪ್ಪಿದ ಖುಷಿಗೆ ಎರಡೂ ಮನೆಯ ಸ್ವಿಚ್ಚುಗಳು ಟಪಟಪ ಬಿದ್ದವು. ಮಧ್ಯಾಹ್ನದ್ದು ಸಾಲದೆಂದು ಇಸ್ತ್ರಿ ಪೆಟ್ಟಿಗೆ, ನೀರಿನ ಮೋಟರೂ ಸೇರಿಕೊಂಡವು. ಫಟ್ ಎಂದು ಫ್ಯೂಸ್ ಹಾರಿಹೋಗಿ ಮನೆಯೆಲ್ಲ ಕತ್ತಲಾಯಿತು.

“ಯಾರಪ್ಪ ಅದು, ನೀನೇನಾ? ಹೋಗೋಕ್ ಮುಂಚೆ ಅದೊಂದು ಫ್ಯೂಸ್ ಹಾಕ್ಬಿಟ್ಟು ಹೋಗು ಮಗನೇ,” ಎಂದು ಓನರ್ ದನಿ ತಡಕಾಡುತ್ತ ಬಂತು.

ಅವನು ಗೇಟು ದಾಟಿ ನಡೆದ.