ಖಾಲಿ ಶೆಡ್ಡಿನ ಮಹಜರು

ಚೌಕಾಸಿ ಮಾಡದೆ ನಾನು ಕೊತ್ತಂಬರಿ ಕಟ್ಟನ್ನೂ ಕೊಂಡವನಲ್ಲ. ನನ್ನ ಮದುವೆಯಲ್ಲಿ ಪುರೋಹಿತರ ಹತ್ತಿರ ಎರಡು ಮಂತ್ರ ಕಡಿಮೆ ಮಾಡಿಸಿ ದಕ್ಷಿಣೆ ಇಳಿಸಿದವನು. ನಿಮಗೂ ಹೇಳ್ತೀನಿ, ಸರ್ಕಾರದ ವಿನಾಯಿತಿ ಅನ್ನೋದು ಸಂತೆಯ ಕೊಸರು ಇದ್ದ ಹಾಗೆ, ಕೇಳಿದವನಿಗೆ ಮಾತ್ರ ಸಿಗುತ್ತೆ. ಹಾಗೆ ಕೇಳಿಕೊಂಡೇ ದೊಡ್ಡಬಳ್ಳಾಪುರದಲ್ಲಿ ಬಾಗಿಲು ಹಾಕಿದ್ದ ಮಗ್ಗದ ಶೆಡ್ ಒಂದಕ್ಕೆ ಅಡ್ವಾನ್ಸ್ ಕೊಟ್ಟೆ. ಮುಚ್ಚಿಹೋದ ಕಾರ್ಖಾನೆ ಕೊಂಡು ಹೊಸ ಉದ್ಯಮ ಕಟ್ಟಿದರೆ ಮುದ್ರಾಂಕ ಶುಲ್ಕ ಮಾಫಿ. ಷರತ್ತು ಒಂದೇ: ಒಳಗೆ ಯಾವ ಕೆಲಸವೂ ನಡೆಯುತ್ತಿಲ್ಲ ಅಂತ ಪಕ್ಕದ ಮನೆಯವರು ಮಹಜರಿಗೆ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಮಾಫಿ ಇಲ್ಲ, ಮಾಫಿ ಇಲ್ಲದಿದ್ದರೆ ಶೆಡ್ ಕೊಳ್ಳೋ ಶಕ್ತಿ ನನಗಿಲ್ಲ.

ಪಕ್ಕದ ಮನೆಯವರು ಜಯಮ್ಮಕ್ಕ. ಅವರ ಗಂಡ ಅದೇ ಶೆಡ್ಡಿನಲ್ಲಿ ನೇಯುತ್ತಾ, ಅಲ್ಲೇ ತೀರಿಕೊಂಡವರು.

"ಸುಳ್ಳಿಗೆ ಸಹಿ ಹಾಕಲ್ಲ ಕಣಪ್ಪಾ," ಅಂದರು. "ದಿನಾ ಮಧ್ಯಾಹ್ನ ಎರಡಕ್ಕೆ ಒಳಗೆ ಮಗ್ಗ ಆಡ್ತದೆ."

"ಅಕ್ಕಾ, ಮಗ್ಗಗಳೆಲ್ಲ ಗುಜರಿಗೆ ಹೋಗಿ ಎಷ್ಟೋ ಕಾಲ ಆಯ್ತು!"

"ಮಗ್ಗ ಹೋಯ್ತು. ನೇಯೋರು ಹೋದ್ರಾ?"

ಸೀರೆ ಕೊಡಿಸ್ತೀನಿ ಅಂದೆ. "ನೇಕಾರನ ಹೆಂಡ್ತಿಗೆ ಸೀರೆ ಆಸೆ ತೋರಿಸ್ತೀಯಲ್ಲೋ!" ಅಂತ ನಕ್ಕುಬಿಟ್ಟರು.

ಮಾರನೇ ದಿನ ಎರಡು ಗಂಟೆಗೆ ಅವರನ್ನೇ ಕರಕೊಂಡು ಹೋಗಿ ಶೆಡ್ ಬಾಗಿಲು ತೆಗೆದೆ. ಎಣ್ಣೆಯ ಕಲೆ, ಮಗ್ಗ ಕಿತ್ತ ಗುಳಿಗಳು, ಅಷ್ಟೇ. ಟಕಟಕ ಸದ್ದೇನೋ ಬರ್ತಿತ್ತು. "ಬೀದಿ ತುಂಬ ಮಗ್ಗ ಅಕ್ಕಾ, ಸದ್ದು ಬರದೆ ಇನ್ನೇನು?" ಅಂತ ಬುದ್ಧಿ ಹೇಳ್ತಿದ್ದ ಹಾಗೇ ಕರೆಂಟ್ ಹೋಯ್ತು. ಬೀದಿಯ ಮಗ್ಗಗಳೆಲ್ಲ ಒಂದೇ ಸಲ ನಿಂತವು. ನಮ್ಮೆದುರಿನ ಖಾಲಿ ನೆಲದ ಮೇಲೆ ಒಂದು ಮಾತ್ರ ಆಡ್ತಾನೇ ಇತ್ತು.

ಕಾಲು ಓಡು ಅಂತು. ಬಾಯಿ ಮಾತ್ರ ಅಭ್ಯಾಸಬಲದಿಂದ ವ್ಯಾಪಾರಕ್ಕಿಳಿಯಿತು. "ಅಣ್ಣಾ, ಒಂದು ಸಹಿ ವಿಷಯ. ದಯವಿಟ್ಟು ನಿಲ್ಲಿಸಿಬಿಡಿ. ಜಾಗ ಕೊಡ್ತೀನಿ ನಿಮಗೆ."

ಸದ್ದು ನಿಂತಿತು. ಮೊದಲ ಮಾತಿಗೇ ಒಪ್ಪಿದವರನ್ನು ನಂಬಬಾರದು ಅಂತ ಊರಿಗೆಲ್ಲ ಹೇಳೋನು ನಾನು, ಅವತ್ತು ಮರೆತೆ.

ಜಯಮ್ಮಕ್ಕ ವಾರವಿಡೀ ಗೋಡೆಗೆ ಕಿವಿಯಿಟ್ಟು ಕೇಳಿ, ಕಣ್ಣೊರೆಸಿಕೊಂಡು ಸಹಿ ಹಾಕಿದರು. "ಕೊಡ್ತೀನಿ ಅಂದಿದ್ದು ಕೊಟ್ಬಿಡಪ್ಪಾ. ನಮ್ಮನೆಯವರು ಬಾಕಿ ಬಿಡೋರಲ್ಲ," ಅಂದರು.

ಮಾಫಿ ಬಂತು, ರಟ್ಟಿನ ಪೆಟ್ಟಿಗೆ ಕಾರ್ಖಾನೆ ಎದ್ದಿತು. ಮಾತಿಗೆ ತಪ್ಪಬಾರದು ಅಂತ ಕಿಟಕಿ ಪಕ್ಕ ಅವರ ಯಜಮಾನರಿಗೊಂದು ಕುರ್ಚಿ ಹಾಕಿಸಿದೆ. ಅದರ ಮೇಲಿನ ಧೂಳು ಹಾಗೇ ಇದೆ. ಆದರೆ ಎರಡು ಗಂಟೆಯಾದರೆ ಸಾಕು, ಜನ್ಮದಲ್ಲಿ ನೂಲು ಮುಟ್ಟದ ನನ್ನ ಬೆರಳುಗಳು ಗಾಳಿಯಲ್ಲಿ ಹರಿದ ಎಳೆ ಹುಡುಕಿ ಗಂಟು ಹಾಕತೊಡಗುತ್ತವೆ. ಗಿರಾಕಿಗಳ ಮುಂದೆ ಕೈಗಳನ್ನು ಜೇಬಿಗೆ ತುರುಕಿಕೊಂಡು ಕೂರ್ತೀನಿ. ಜೇಬಿನೊಳಗೂ ನಿಲ್ಲಲ್ಲ. ಜಾಗ ಅಂದೆನೇ ಹೊರತು ಎಲ್ಲಿ ಅಂತ ಹೇಳಿರಲಿಲ್ಲ. ನೀವಾದರೂ ಇಂಥದ್ದನ್ನೆಲ್ಲ ಮೊದಲೇ ಮಾತಾಡಿಕೊಳ್ಳಿ.

ಮೊನ್ನೆ ಜಯಮ್ಮಕ್ಕ ಬಂದರು. ನನ್ನ ಬೆರಳುಗಳನ್ನೇ ಬಹಳ ಹೊತ್ತು ನೋಡಿ, ಸೆರಗು ಸರಿಮಾಡಿಕೊಂಡು, ಮೇಜಿನ ಮೇಲೆ ಟೀ ಲೋಟ ಇಟ್ಟರು.

"ಆರೋಗ್ತದೆ, ಕುಡೀರಿ," ಅಂದರು.

ನಾನು ಟೀ ಮುಟ್ಟೋನೇ ಅಲ್ಲ. ಚೌಕಾಸಿ ಮಾಡದೆ ಕುಡಿದುಬಿಟ್ಟೆ.