ಎಂಟು ಜನರ ಸಾಮರ್ಥ್ಯದ ವಿಶ್ರಾಂತಿ

ತಮಗೆ ಏನನ್ನಾದರೂ ಮಾರಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ಲಿಫ್ಟ್ ಇನ್‌ಸ್ಪೆಕ್ಟರರು ಆ ಶನಿವಾರ ಬೆಳಿಗ್ಗೆ ಶೇವ್ ಮಾಡಿಕೊಳ್ಳುತ್ತಾ ಕನ್ನಡಿಗೆ ಹೇಳಿದರು. ಕನ್ನಡಿ ಎದುರಾಡಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಬಹುಮಹಡಿ ಕಟ್ಟಡಗಳ ಲಿಫ್ಟು ಹತ್ತಿ ಇಳಿದು, ತಂತಿಹಗ್ಗ ಸವೆದಿದ್ದರೆ ಸವೆದಿದೆ ಎಂದೇ ಬರೆದು, ಮಾಲೀಕರು ಕಾಫಿ ಕೊಟ್ಟರೂ ಕಣ್ಣೀರಿಟ್ಟರೂ ಸಹಿ ಹಾಕದೆ ಎದ್ದು ಬಂದವರು ಅವರು. ಅಂಥವರನ್ನು ದ್ವೀಪದ ರೆಸಾರ್ಟೊಂದರವರು ಪತ್ನೀಸಮೇತ ಪೇಟೆಯ ಹೋಟೆಲೊಂದರಲ್ಲಿ ಊಟಕ್ಕೆ ಕರೆದಿದ್ದರು. ಊಟ ಬಿಟ್ಟಿ. ತೊಂಬತ್ತು ನಿಮಿಷ ಕೂತು ಅವರ ಮಾತು ಕೇಳಬೇಕು, ಅಷ್ಟೇ. ಸಮುದ್ರದಂಡೆಯ ಮನೆಯೊಂದು ವರ್ಷಕ್ಕೆ ಒಂದು ವಾರ ಮಾತ್ರ ನಿಮ್ಮ ಸ್ವಂತದ್ದು, ಉಳಿದ ವಾರಗಳಲ್ಲಿ ಅದು ಬೇರೆಬೇರೆಯವರ ಸ್ವಂತದ್ದು ಎಂಬ ವಿಚಿತ್ರ ವ್ಯಾಪಾರ ಅದು.

"ಕೇಳೋಣ, ಉಣ್ಣೋಣ, ಕೈ ಒರೆಸಿಕೊಂಡು ಎದ್ದು ಬರೋಣ," ಎಂದರು ಇನ್‌ಸ್ಪೆಕ್ಟರರು.

ಅವರು ಸಹಿ ಹಾಕಿದ್ದು ಎಂಬತ್ತಾರನೆಯ ನಿಮಿಷಕ್ಕೆ.

ಹೇಗೆ ಹಾಕಿದರು ಎಂಬುದನ್ನು ಅವರು ಇಂದಿಗೂ ಪೂರ್ತಿ ವಿವರಿಸಲಾರರು. ಮಾರಾಟದವನು ಎರಡು ಚಿತ್ರ ಮುಂದಿಟ್ಟಿದ್ದ. ಒಂದು, ಇಬ್ಬರಿಗಾಗುವ ಒಂಟಿ ಕೋಣೆ. ಇನ್ನೊಂದು, ಎಂಟು ಜನ ಮಲಗಬಹುದಾದ ನಾಲ್ಕನೇ ಮಹಡಿಯ ಮನೆ. ಹೆಂಡತಿ ಮೊದಲ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡು, ತಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಗಾಜನ್ನು ಫ್ರೇಮಿಗೆ ಕೂರಿಸುವ ಮುನ್ನ ಅಂಚು ನೋಡುವಂತೆ ಮೂಲೆಮೂಲೆ ನೋಡಿದಳು. ಆಮೇಲೆ, ಇದರಲ್ಲಿ ಅಡುಗೆಮನೆ ಎಲ್ಲಿ ಎಂದು ಕೇಳಿದಳು. ಮಾರಾಟದವನ ಮುಖ ಬಾಡಿತು. ಕ್ಷಮಿಸಿ ಮೇಡಂ, ಅದರಲ್ಲಿ ಅಡುಗೆಮನೆ ಇಲ್ಲ, ಊಟ ತಿಂಡಿ ನಾವೇ ತಂದುಕೊಡುತ್ತೇವೆ ಎಂದ.

"ಹಾಗಿದ್ರೆ ಇದೇ ಸಾಕು," ಎಂದಳು ಹೆಂಡತಿ.

ಇನ್‌ಸ್ಪೆಕ್ಟರರು ನಕ್ಕರು. ಪಾಪ, ಎಷ್ಟು ಸಂಕೋಚದ ಜೀವ, ಗಂಡನಿಗೆ ಹೊರೆಯಾಗಬಾರದು ಅಂತ ಚಿಕ್ಕದನ್ನೇ ಕೇಳುತ್ತಾಳೆ ಎಂದು ಅವರ ಎದೆ ತುಂಬಿ ಬಂತು. ಆ ತುಂಬಿದ ಎದೆಯಿಂದಲೇ ಎಂಟು ಜನರ ಮನೆಗೆ, ನಾಲ್ಕು ಉರಿಯ ಒಲೆಗೆ, ಎರಡು ಬಾಗಿಲಿನ ಫ್ರಿಜ್ಜಿಗೆ ಅವರು ಸಹಿ ಹಾಕಿಬಿಟ್ಟರು. ಹೆಂಡತಿಯೂ ತೋರಿಸಿದಲ್ಲಿ ಹಾಕಿದಳು.

ಬಸ್ಸಿನಲ್ಲಿ ಬರುವಾಗ ಅವರು ಗಂಭೀರವಾಗಿ ಪ್ರತಿಜ್ಞೆ ಮಾಡಿದರು: ವರ್ಷಕ್ಕೆ ಏಳು ದಿನ ನೀನು ಸೌಟು ಮುಟ್ಟಬಾರದು, ಪೊರಕೆ ಮುಟ್ಟಬಾರದು, ಕುರ್ಚಿ ಹಾಕಿಕೊಂಡು ಸಮುದ್ರ ನೋಡಬೇಕು. ಹೆಂಡತಿ ಸೋಮವಾರ ಅಂಗಡಿಯಲ್ಲಿ ಊಟದ ವಿರಾಮದ ಹೊತ್ತಿಗೆ ತನಗಾಗಿ ಒಂದು ಜೊತೆ ಗಾಜು ಉಜ್ಜಿಕೊಂಡಳು. ಓದುವ ಪವರಿನದು, ಬಿಸಿಲಿಗೆ ಕಪ್ಪಾಗುವಂಥದು. ಹದಿನೇಳು ವರ್ಷ ಊರಿನವರ ಕಣ್ಣಿಗೆಲ್ಲ ಗಾಜು ಉಜ್ಜಿದವಳು ತನ್ನ ಕಣ್ಣಿಗೆ ಉಜ್ಜಿಕೊಂಡದ್ದು ಅದೇ ಮೊದಲು. ಜೊತೆಗೆ ಆರುನೂರು ಪುಟದ ಒಂದು ಕಾದಂಬರಿ ತಂದಳು. ಮದುವೆಯಾದ ಮೇಲೆ ಅವಳು ಬೆಳಗಿನ ಐದೂವರೆಯ ನಂತರ ಮಲಗಿದ ದಾಖಲೆ ಇರಲಿಲ್ಲ, ಜ್ವರ ಬಂದ ದಿನವೊಂದನ್ನು ಬಿಟ್ಟು. ಆ ಏಳು ದಿನಗಳ ಮೇಲೆ ಅವಳು ಎಷ್ಟು ಆಸೆ ಇಟ್ಟಿದ್ದಾಳೆಂದು ಅಂಗಡಿಯವರಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಇನ್‌ಸ್ಪೆಕ್ಟರರಿಗೆ ಮಾತ್ರ ಒಂದು ವಿಷಯ ಕೊರೆಯತೊಡಗಿತು. ಲಿಫ್ಟಿನ ಒಳಗೆ ಒಂದು ಫಲಕ ಇರುತ್ತದೆ: ಇಷ್ಟು ಜನ, ಇಷ್ಟು ಕಿಲೋ. ಅದೇ ಅವರ ಧರ್ಮಗ್ರಂಥ. ಎಂಟು ಜನರ ಫಲಕ ಇರುವಲ್ಲಿ ಒಂಬತ್ತನೆಯವರು ಹತ್ತಿದರೆ ಅಪರಾಧ, ಸರಿ. ಆದರೆ ಇಬ್ಬರೇ ಹತ್ತಿದರೆ? ಅದು ವ್ಯರ್ಥ. ಎರಡು ದಿನ ಹಾಸಿಗೆಯಲ್ಲಿ ಹೊರಳಾಡಿ, ಮೂರನೆಯ ದಿನ ಫೋನು ಹಿಡಿದು ಕೂತರು. ಅರ್ಧ ಗಂಟೆಯಲ್ಲಿ ಸಾಮರ್ಥ್ಯ ಭರ್ತಿಯಾಯಿತು: ಅಮ್ಮ, ತಂಗಿ, ತಂಗಿಯ ಗಂಡ, ಅವರ ಅವಳಿ ಹೆಣ್ಣುಮಕ್ಕಳು, ಒಬ್ಬ ಚಿಕ್ಕಪ್ಪ.

ಹೆಂಡತಿಗೆ ವಿಷಯ ತಿಳಿದದ್ದು ಅತ್ತೆಯಿಂದ. ಅವರು ಫೋನು ಮಾಡಿ, ಅಲ್ಲಿ ದಿಂಬು ಮೆತ್ತಗಿರುತ್ತೋ ಗಟ್ಟಿಯಾಗಿರುತ್ತೋ, ನನ್ನದನ್ನೇ ತರಲಾ ಎಂದು ವಿಚಾರಿಸಿದರು. ಅವಳು ತನ್ನಿ ಅತ್ತೆ ಎಂದು ಫೋನಿಟ್ಟು, ಗಂಡನ ಕಡೆ ತಿರುಗಿದಳು.

"ಎಂಟು ಜನಕ್ಕೆ ಅಡುಗೆ ಯಾರು ಮಾಡೋದು?"

"ಅದಕ್ಕೆಲ್ಲ ವ್ಯವಸ್ಥೆ ಮಾಡಿದೀನಿ ಕಣೇ," ಎಂದರು ಇನ್‌ಸ್ಪೆಕ್ಟರರು. ಆಗಿನ್ನೂ ಮಾಡಿರಲಿಲ್ಲ. ಹೇಳಿದ ಮೇಲೆ ಮಾಡಿದರು.

ವ್ಯವಸ್ಥೆ ಎಂದರೆ ಒಂದು ಪಟ್ಟಿ. ಇಲಾಖೆಯ ತಪಾಸಣಾ ಪಟ್ಟಿಯ ಮಾದರಿಯಲ್ಲೇ ಗೆರೆ ಎಳೆದು ಅವರು ತಯಾರಿಸಿದ ಆ ಹಾಳೆಯನ್ನು, ದ್ವೀಪ ಸೇರಿದ ಮೊದಲ ಸಂಜೆಯೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಯಿತು. ತಿಂಡಿಗೆ ತಂಗಿ. ತರಕಾರಿ ಹೆಚ್ಚಲು ತಂಗಿಯ ಗಂಡ. ತಟ್ಟೆ ಹಾಕಲು ಅವಳಿಗಳು. ಮೇಜು ಒರೆಸಲು ಚಿಕ್ಕಪ್ಪ. ಸಲಹೆಗೆ ಅಮ್ಮ. ಪಾತ್ರೆಗೆ ಸ್ವತಃ ಇನ್‌ಸ್ಪೆಕ್ಟರರು. ಹೆಂಡತಿಯ ಹೆಸರಿನ ಎದುರು ಒಂದೇ ಪದ: ವಿಶ್ರಾಂತಿ. ಅದರ ಕೆಳಗೆ ಕೆಂಪು ಗೆರೆ ಬೇರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದ ಮೇಲೆ ಚಹಾ ಆಗಬೇಕಿತ್ತು, ಪಟ್ಟಿಯಲ್ಲಿ ಚಹಾ ಇರಲಿಲ್ಲ. ಎಲ್ಲರೂ ಹೆಂಡತಿಯ ಕಡೆ ನೋಡಿದರು.

ಅಲ್ಲಿಂದ ಶುರುವಾಯಿತು. ಆ ಮನೆಗೆ ಎಲ್ಲರೂ ಒಂದೇ ದೋಣಿಯಲ್ಲಿ, ಒಂದೇ ಹೊತ್ತಿಗೆ, ಮೊದಲ ಸಲ ಬಂದವರು. ಆದರೂ ಅತ್ತಿಗೆ ಚಾಕು ಎಲ್ಲಿದೆ, ಅತ್ತೆ ನಮ್ಮ ಟವೆಲ್ ಎಲ್ಲಿದೆ, ಏಮ್ಮಾ ನನ್ನ ಬಿಪಿ ಮಾತ್ರೆ ಎಲ್ಲಿದೆ ಎಂದು ಎಲ್ಲರೂ ಅವಳನ್ನೇ ಕೇಳಿದರು. ಸೋಜಿಗವೆಂದರೆ ಅವಳಿಗೆ ಗೊತ್ತಿರುತ್ತಿತ್ತು.

ಎರಡನೆಯ ದಿನ ತಂಗಿ ಪಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, "ನಾನೂ ಒಂದು ಅಡುಗೆಮನೆ ಬಿಟ್ಟು ಬಂದವಳೇ ಅಣ್ಣ, ಇನ್ನೊಂದು ಅಡುಗೆಮನೆ ನೋಡೋಕೆ ಸಮುದ್ರ ದಾಟಿ ಬಂದಿಲ್ಲ," ಎಂದು ಟೋಪಿ ಹಾಕಿಕೊಂಡು ಹೊರಟಳು. ಮಾತು ನ್ಯಾಯವಾಗಿತ್ತು, ಅವಳ ಗಂಡನೂ ಅದೇ ನ್ಯಾಯವನ್ನು ಹಿಡಿದುಕೊಂಡು ಅವಳ ಹಿಂದೆಯೇ ಹೋದ. ಇನ್‌ಸ್ಪೆಕ್ಟರರು ಪಾತ್ರೆಗೆ ಕೈ ಹಾಕಿದ್ದೇ ತಡ, ಅಮ್ಮ ಎದೆ ಹಿಡಿದುಕೊಂಡರು. ಆಫೀಸಿನಲ್ಲಿ ಸಹಿ ಹಾಕುವ ಕೈ ಕಣೋ ಅದು, ಬಿಡು, ನಾನೇ ತೊಳೀತೀನಿ ಎಂದು ಮುಂದೆ ಬಂದರು. ಎಪ್ಪತ್ತನಾಲ್ಕರ ಅತ್ತೆ ಪಾತ್ರೆ ತೊಳೆಯುವುದನ್ನು ಯಾವ ಸೊಸೆ ನೋಡುತ್ತಾ ಕೂರುತ್ತಾಳೆ? ಪಟ್ಟಿಯಲ್ಲಿ 'ವಿಶ್ರಾಂತಿ' ಎಂಬ ಪದದ ಪಕ್ಕ 'ಮತ್ತು ಪಾತ್ರೆ' ಎಂದು ಸಣ್ಣ ಅಕ್ಷರದಲ್ಲಿ ಸೇರಿತು. ಸಂಜೆಯೊಳಗೆ 'ತಿಂಡಿ', 'ಮಕ್ಕಳ ಒದ್ದೆ ಬಟ್ಟೆ', 'ಬಚ್ಚಲಿನ ಮರಳು' ಸಹ ಸೇರಿ, ಆ ಚೌಕದಲ್ಲಿ ಜಾಗವೇ ಉಳಿಯಲಿಲ್ಲ. ದಾಖಲೆ ವಾಸ್ತವಕ್ಕೆ ಹೊಂದಬೇಕು ಎಂಬುದು ಇನ್‌ಸ್ಪೆಕ್ಟರರ ವೃತ್ತಿನಿಷ್ಠೆ.

ಮೂರನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಹೆಂಡತಿ ಏಪ್ರನ್ ಬಿಚ್ಚಿ ಬಾಗಿಲಿನ ಹಿಡಿಗೆ ನೇತುಹಾಕಿದಳು. ಕಾದಂಬರಿ ತೆಗೆದುಕೊಂಡಳು. ಕನ್ನಡಕ ಹಾಕಿಕೊಂಡಳು. ಕೆಳಗೆ ಹೋಗಿ ಮರಳಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಳು. ಜಗಳವಿಲ್ಲ, ಮಾತಿಲ್ಲ. ಜಗಳವಾಡಿದ್ದರೆ ಇನ್‌ಸ್ಪೆಕ್ಟರರಿಗೆ ಏನಾದರೂ ಉತ್ತರ ಹೊಳೆಯುತ್ತಿತ್ತು.

ಅಡುಗೆ ಏನು ಮಹಾ, ಎಂದುಕೊಂಡರು ಅವರು. ಹದಿನೆಂಟು ಮಹಡಿಯ ಲಿಫ್ಟನ್ನು ಬಿಚ್ಚಿ ಜೋಡಿಸಬಲ್ಲವನಿಗೆ ಅನ್ನ, ಪಲ್ಯ ಯಾವ ಲೆಕ್ಕ. ಒಂದು ಉರಿಯಲ್ಲಿ ಅಕ್ಕಿ ಇಟ್ಟರು. ಇನ್ನೊಂದರಲ್ಲಿ ಎಣ್ಣೆ ಕಾಯಿಸಿ ಒಂದು ಕಿಲೋ ಈರುಳ್ಳಿ ಸುರಿದರು. ಉಪ್ಪು ಎಷ್ಟು ಎಂಬ ಪ್ರಶ್ನೆ ಎದ್ದಿತು. ಸೌಟು ಹಿಡಿದುಕೊಂಡೇ ಲಿಫ್ಟಿನಲ್ಲಿ ಕೆಳಗಿಳಿದು, ಮರಳು ದಾಟಿ, ಹೆಂಡತಿಯನ್ನು ಕೇಳಿದರು. ರುಚಿಗೆ ತಕ್ಕಷ್ಟು ಎಂದಳು, ಪುಸ್ತಕದಿಂದ ಕಣ್ಣೆತ್ತದೆ. ಮೇಲೆ ಹೋದರು. ನೀರು ಸಾಕೇ ಎಂಬ ಪ್ರಶ್ನೆ ಎದ್ದಿತು. ಮತ್ತೆ ಇಳಿದರು. ಅಕ್ಕಿ ಮುಳುಗುವಷ್ಟು ಎಂದಳು. ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ ಎಂದು ಕೇಳಲು ಮೂರನೆಯ ಸಲ ಇಳಿದಾಗ ಅವಳು ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ನಾಲ್ಕನೇ ಮಹಡಿಯ ಕಿಟಕಿಯಿಂದ ಕಪ್ಪು ಹೊಗೆ ತಾನೇ ಹೊರಬಂದು ಹೇಳಿತು.

ಸೈರನ್ ಕೂಗಿತು. ಆ ಕಟ್ಟಡದಲ್ಲಿ ಸ್ವಂತ ವಾರ ಅನುಭವಿಸುತ್ತಿದ್ದ ನಲವತ್ತು ಕುಟುಂಬಗಳು ಟವೆಲಿನಲ್ಲಿ, ಒಂದೇ ಚಪ್ಪಲಿಯಲ್ಲಿ, ಅರ್ಧ ಶಾಂಪೂ ತಲೆಯಲ್ಲಿ ಹುಲ್ಲುಹಾಸಿಗೆ ಓಡಿಬಂದವು. ಚಿಕ್ಕಪ್ಪ ಮಾತ್ರೆಯ ಡಬ್ಬಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊತ್ತು ತಂದಿದ್ದರು. ಲಿಫ್ಟು ನೆಲಮಹಡಿಗೆ ಬಂದು ಬಾಗಿಲು ತೆರೆದು ನಿಂತುಬಿಟ್ಟಿತು. ಅದು ಕೆಟ್ಟಿದೆಯೇನೋ ಎಂದು ಅಮ್ಮ ಕೇಳಿದರು. ಇಲ್ಲಮ್ಮ, ಬೆಂಕಿಯ ಎಚ್ಚರಿಕೆ ಬಂದಾಗ ಲಿಫ್ಟು ಹೀಗೇ ನಿಲ್ಲಬೇಕು, ಬಹಳ ಒಳ್ಳೆಯ ನಿರ್ವಹಣೆ ಎಂದು ಇನ್‌ಸ್ಪೆಕ್ಟರರು ಮೆಚ್ಚುಗೆಯಿಂದ ವಿವರಿಸಿದರು. ಆ ಬೆಳಿಗ್ಗೆ ಅವರು ಮೆಚ್ಚಬಹುದಾದದ್ದು ಅದೊಂದೇ ಇತ್ತು.

ಮ್ಯಾನೇಜರು ಹೊಗೆಯನ್ನು ನೋಡಿದ. ಮನೆಯ ನಂಬರು ನೋಡಿದ. ಸೌಟು ಹಿಡಿದು ನಿಂತ ಗಂಡಸಿನ ಪಕ್ಕದಲ್ಲೇ ಹಾದು, ಮರಳಿನ ಮೇಲೆ ಕೂತ ಹೆಂಗಸಿನ ಹತ್ತಿರ ಹೋದ. ಮೇಡಂ, ನಿಮ್ಮ ಅಡುಗೆ ಸೀದು ಹೋಗಿದೆ ಎಂದ. ನಲವತ್ತು ಕುಟುಂಬಗಳೂ ಅವಳತ್ತ ತಿರುಗಿದವು.

ಹೆಂಡತಿ ಕನ್ನಡಕವನ್ನು ಹಣೆಗೇರಿಸಿದಳು.

"ನನ್ನದು ಪುಸ್ತಕ. ಅಡುಗೆ ಅವರದು."

ನಿಯಮದ ಪ್ರಕಾರ ಆ ಮನೆಯ ಗ್ಯಾಸಿಗೆ ಉಳಿದ ದಿನಗಳಿಗೆಲ್ಲ ಬೀಗ ಬಿತ್ತು. ಎಂಟೂ ಜನ ಮೂರು ಹೊತ್ತೂ ರೆಸಾರ್ಟಿನ ಊಟದ ಮನೆಯಲ್ಲಿ ಉಂಡರು. ತಂಗಿಯ ಮುಖಕ್ಕೆ ಬಿಸಿಲಿನ ಬಣ್ಣ ಬಂತು, ಅಮ್ಮನಿಗೆ ಅಲ್ಲಿನ ಐಸ್‌ಕ್ರೀಮಿನ ರುಚಿ ಹತ್ತಿತು. ಕರಿಹಿಡಿದ ಬಾಣಲೆ, ಪಾತ್ರೆಗಳನ್ನು ಕೊಟ್ಟ ಸ್ಥಿತಿಯಲ್ಲೇ ಹಿಂತಿರುಗಿಸತಕ್ಕದ್ದು ಎಂದೂ ನಿಯಮವಿತ್ತು. ಅಮ್ಮ ಎದೆ ಹಿಡಿದುಕೊಳ್ಳುವ ಮೊದಲೇ ಹೆಂಡತಿ ಅವರ ಕೈಹಿಡಿದು ಸಮುದ್ರ ನೋಡಲು ಕರೆದುಕೊಂಡು ಹೋದಳು. ಇನ್‌ಸ್ಪೆಕ್ಟರರು ಬಾಲ್ಕನಿಯಲ್ಲಿ ಕೂತು ಎರಡು ದಿನ ಬಾಣಲೆ ಉಜ್ಜಿದರು. ಕೋಣೆ ಗುಡಿಸಲು ಬಂದ ಹೆಂಗಸು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಆ ದೃಶ್ಯ ಸವಿದು, ಬಿಸಿನೀರಲ್ಲಿ ನೆನೆಹಾಕಿ ಸಾರ್, ಸುಮ್ಮನೆ ತೋಳು ನೋಯುತ್ತೆ ಎಂದು ಹೇಳಿ ಹೋದಳು. ಇಷ್ಟು ವರ್ಷ ತಮ್ಮ ಮನೆಯ ಪಾತ್ರೆಗಳು ರಾತ್ರಿ ಸಿಂಕಿನಲ್ಲಿ ನೆನೆಯುವುದು ಸೋಮಾರಿತನದಿಂದಲ್ಲ ಎಂದು ಅವರಿಗೆ ಆಗ ಹೊಳೆಯಿತು.

ಹೊರಡುವ ದಿನ ಸಾಮಾನೆಲ್ಲ ದೋಣಿ ಹತ್ತುವ ಜೆಟ್ಟಿಯ ಹತ್ತಿರ ಇಳಿಸಿ, ಇನ್‌ಸ್ಪೆಕ್ಟರರು ಕಚೇರಿಯ ಕಿಟಕಿಗೆ ಹೋದರು. ಏಳು ದಿನದ ಅನುಭವದಿಂದ ಅವರು ಪಾಠ ಕಲಿತಿದ್ದರು. ಮುಂದಿನ ವರ್ಷದ ಪಟ್ಟಿಯಲ್ಲಿ ಚಹಾ ಸೇರಿಸಬೇಕು. ಅದೇ ಮನೆ, ಅದೇ ವಾರ ಕಾದಿರಿಸಿ ಎಂದರು.

ಗುಮಾಸ್ತೆ ಪರದೆ ನೋಡಿದಳು. ಅದನ್ನು ಮೇಡಂ ಆಗಲೇ ಬದಲಾಯಿಸಿದ್ದಾರಲ್ಲ ಸಾರ್, ಎಂದಳು. ದೊಡ್ಡ ಮನೆಯ ಒಂದು ವಾರ ಕೊಟ್ಟು ಒಂಟಿ ಕೋಣೆಯ ಮೂರು ವಾರ ತೆಗೆದುಕೊಳ್ಳಬಹುದು, ಇಬ್ಬರು ಮಾಲೀಕರಲ್ಲಿ ಯಾರೊಬ್ಬರು ಸಹಿ ಹಾಕಿದರೂ ನಡೆಯುತ್ತದೆ, ಸೈರನ್ ಕೂಗಿದ ದಿನ ಮಧ್ಯಾಹ್ನವೇ ಮೇಡಂ ಬಂದು ಹಾಕಿದರು. ಅಡುಗೆಮನೆ ಇಲ್ಲದ್ದು. ಒಬ್ಬರಿಗೆ.

ಇನ್‌ಸ್ಪೆಕ್ಟರರು ಕಿಟಕಿಯ ಕಟ್ಟೆ ಹಿಡಿದುಕೊಂಡರು. ಹಿಂದೆ ಹೆಂಡತಿ ಬಂದು ನಿಂತಿದ್ದಳು. ಎಂಟು ಗಂಟೆಯವರೆಗೆ ಮಲಗಿದ ನಾಲ್ಕು ಬೆಳಗುಗಳು ಅವಳ ಮುಖದಲ್ಲಿದ್ದವು. ಆ ಮುಖವನ್ನು ಅವರು ಮದುವೆಯ ಫೋಟೋದಲ್ಲಿ ಮಾತ್ರ ನೋಡಿದ್ದರು. ಮೂರು ವಾರ ಅದನ್ನು ಬಿಟ್ಟಿರಬೇಕೆನ್ನುವುದು ಅವರ ಎದೆಗೆ ಏನೋ ಮಾಡಿತು. ಅನ್ನದ ಯೋಚನೆಯೂ ಮಾಡಿತೆನ್ನಿ.

"ಇನ್ನೊಬ್ಬರನ್ನ ಸೇರಿಸಬಹುದಾ?" ಎಂದು ಮೆಲ್ಲಗೆ ಗುಮಾಸ್ತೆಯನ್ನು ಕೇಳಿದರು.

"ಸೇರಿಸಬಹುದು ಸಾರ್. ಮೇಡಂ ಒಪ್ಪಿ ಸಹಿ ಹಾಕ್ಬೇಕು." ಅವಳು ಒಂದು ಅರ್ಜಿ ತೆಗೆದು ಹೆಂಡತಿಯ ಮುಂದಿಟ್ಟಳು.

ಇನ್‌ಸ್ಪೆಕ್ಟರರು ಪೆನ್ನಿನ ಮುಚ್ಚಳ ತೆಗೆದು, ಇಲ್ಲಿ ಎಂದು ಜಾಗ ತೋರಿಸಿದರು. ಹೆಂಡತಿ ಆ ಜಾಗ ನೋಡಲಿಲ್ಲ. ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದಳು. ದೋಣಿ ಒಮ್ಮೆ ಕೂಗಿತು. ಅವಳು ಪುಟ ತಿರುಗಿಸಿದಳು. ದೋಣಿ ಮತ್ತೊಮ್ಮೆ ಕೂಗಿತು. ಅವಳು ಕೊನೆಯವರೆಗೂ ಓದಿ, ತಲೆಯೆತ್ತಿ ಗುಮಾಸ್ತೆಯನ್ನು ಕೇಳಿದಳು:

"ಷರತ್ತು ಬರೆಯೋಕೆ ಜಾಗ ಇದೆಯಾ?"

"ಇದೆ ಮೇಡಂ. ಹಿಂದುಗಡೆ ಒಂದು ಪುಟ ಖಾಲಿ ಬಿಟ್ಟಿದ್ದೀವಿ."

"ಒಂದೇನಾ?"

ಗುಮಾಸ್ತೆ ಇನ್‌ಸ್ಪೆಕ್ಟರರ ಮುಖ ನೋಡಿದಳು. ಅವರು ಕಿಟಕಿಯೊಳಗೆ ಬಗ್ಗಿ, ಇನ್ನೊಂದು ನಾಲ್ಕು ಹಾಳೆ ಕೊಡಿ ಎಂದು ತಾವೇ ಕೇಳಿದರು.